ಗೆದ್ದ ಮರುವರ್ಷದ ಮಳೆಗಾಲ

ಹೋದ ತಿಂಗಳು ಕಾರ್ಕಳದ ಒಂದು ಶಾಲೆಯಲ್ಲಿ ನಮ್ಮ ಕ್ಲಿನಿಕ್ಕಿನವರು ಕಣ್ಣು ತಪಾಸಣೆಯ ಶಿಬಿರ ಇಟ್ಟಿದ್ದರು. ಯಾವ ಶಾಲೆ ಎಂದು ನಾನು ಕೇಳಿರಲಿಲ್ಲ. ವ್ಯಾನು ಗೇಟಿನೊಳಗೆ ತಿರುಗಿದಾಗಲೇ ಗೊತ್ತಾದದ್ದು. ಬೆಳಗ್ಗೆ ಒಂದು ಮಳೆ ಬಂದು ನಿಂತಿತ್ತು. ಮೈದಾನದಲ್ಲಿ ಇಬ್ಬರು ಮಧ್ಯಾಹ್ನದ ಪಂದ್ಯಕ್ಕೆ ಗೆರೆ ಹಾಕುತ್ತಿದ್ದರು. ಒಬ್ಬ ಹಗ್ಗ ಹಿಡಿದಿದ್ದ, ಇನ್ನೊಬ್ಬ ಡಬ್ಬದಿಂದ ಸುಣ್ಣದ ಹುಡಿ ಉದುರಿಸುತ್ತ ಅವನ ಹಿಂದೆಯೇ ಹೋಗುತ್ತಿದ್ದ. ಒದ್ದೆ ಮಣ್ಣಿಗೆ ಸುಣ್ಣ ಬಿದ್ದಾಗ ಮೂಗಿಗೆ ಹತ್ತುವ ಒಂದು ಸುಡುವ ವಾಸನೆ ಉಂಟಲ್ಲ, ಅದು ವರಾಂಡದವರೆಗೂ ಬಂತು. ನಾನು ಅಕ್ಷರದ ಬೋರ್ಡು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಎಂತ ಸುಜಾತಕ್ಕ, ತಲೆ ತಿರುಗಿತಾ?" ಎಂದು ನಮ್ಮ ಡ್ರೈವರ್ ಕೇಳಿದ.

ಇಲ್ಲ ಎಂದೆ. ಬೋರ್ಡನ್ನು ಗೋಡೆಗೆ ನೇತು ಹಾಕಿ ಕೆಲಸ ಶುರು ಮಾಡಿದೆ. ಆದರೆ ಸಂಜೆಯವರೆಗೂ ಒಮ್ಮೆಯೂ ಆ ಮೈದಾನದ ಕಡೆ ಮುಖ ಮಾಡಿ ಕೂತುಕೊಳ್ಳಲಿಲ್ಲ.

ನನ್ನ ಮನೆ ಕಾಪುವಿನಲ್ಲಿ. ಗಂಡ ಮಸ್ಕತ್ತಿನಲ್ಲಿದ್ದಾರೆ. ನಾನು ಉಡುಪಿಯ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನಿಗೆ ಸಹಾಯಕಿ. ಬಂದವರಿಗೆ ಅಕ್ಷರ ಓದಿಸುವುದು, ಮದ್ದಿನ ಹನಿ ಬಿಡುವುದು ನನ್ನ ಕೆಲಸ. ನಮ್ಮ ಮನೆಗೂ ಅಣ್ಣ ಸದಾನಂದನ ಮನೆಗೂ ನಡುವೆ ಒಂದು ಬಾವಿ ಮಾತ್ರ. ಅಣ್ಣನದ್ದು ಪೇಟೆಯಲ್ಲಿ ಶಾಮಿಯಾನ, ಕುರ್ಚಿ, ಮೈಕ್ ಬಾಡಿಗೆಗೆ ಕೊಡುವ ಅಂಗಡಿ. ಊರಿನಲ್ಲಿ ಹತ್ತು ಜನ ಸೇರಿದ ಕಡೆಯಲ್ಲೆಲ್ಲ ಅಣ್ಣನ ಮೈಕ್ ಇರುತ್ತದೆ, ಮೈಕಿನಲ್ಲಿ ಹೆಚ್ಚಾಗಿ ಅಣ್ಣನ ಸ್ವರವೇ ಇರುತ್ತದೆ. ಎಲ್ಲರಿಗೂ ಅವನು ಸದಾಣ್ಣ.

ನಮ್ಮ ಕಡೆ ಕ್ರಿಕೆಟ್ಟಿಗೆ, ಕಬಡ್ಡಿಗೆ ಸೇರುವಷ್ಟು ಜನ ಫುಟ್ಬಾಲಿಗೆ ಸೇರುವುದಿಲ್ಲ. ಆದರೆ ಸೇರಿದವರು ಬಿಡುವುದಿಲ್ಲ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿದ ಮೇಲೆ, ಕೆಸರಿನ ಮೈದಾನಗಳಲ್ಲಿ ಊರೂರಿನ ತಂಡಗಳ ಲೀಗ್ ಶುರುವಾಗುತ್ತಿತ್ತು. ಒಂದು ವಾರ ಹೆಬ್ರಿಯಲ್ಲಿ, ಇನ್ನೊಂದು ವಾರ ಸಂತೆಕಟ್ಟೆಯ ಹತ್ತಿರ, ಮತ್ತೊಂದು ವಾರ ಮಣಿಪಾಲದಲ್ಲಿ. ಕಾಪುವಿನ ತಂಡ ಎಲ್ಲಿ ಆಡಿದರೂ ಅಣ್ಣನ ಟೆಂಪೋ ಹೋಗುತ್ತಿತ್ತು. ಹಿಂದೆ ಶಾಮಿಯಾನದ ಕಂಬಗಳ ಜಾಗದಲ್ಲಿ ಡೋಲು, ಬಾವುಟ, ಮೈಕಿನ ಪೆಟ್ಟಿಗೆ, ಇಪ್ಪತ್ತು ಮೂವತ್ತು ಜನ. ಡೋಲು ಬಡಿಯುವವನು ರಿಕ್ಷಾದ ಲೋಕು. ರಜೆಯಿದ್ದ ದಿನ ನಾನೂ ಮುಂದೆ ಕೂತು ಹೋಗುತ್ತಿದ್ದೆ. ಚಿಕ್ಕಂದಿನಿಂದ ಅಣ್ಣನ ಹಿಂದೆ ಹೋಗಿ ಅಭ್ಯಾಸ.

ನಾನು ಹೇಳಹೊರಟ ಮಳೆಗಾಲದ ಹಿಂದಿನ ವರ್ಷ ನಾವು ಗೆದ್ದೆವು. ಕಾಪು ಅಂಥ ಪಂದ್ಯಾವಳಿ ಗೆದ್ದದ್ದು ಅದೇ ಮೊದಲು. ಮಣಿಪಾಲದ ಮೈದಾನದಲ್ಲಿ ಫೈನಲ್. ಎದುರಿನ ತಂಡದಲ್ಲಿ ಕಾಲೇಜಿನ ಗಟ್ಟಿ ಆಳುಗಳು, ಹೊರಗಿನಿಂದ ಕರೆಸಿದ ಆಟಗಾರರು. ಸಮ ಸಮ ಆಗಿ ಪೆನಾಲ್ಟಿಗೆ ಬಂತು. ನಮ್ಮ ಗೋಲ್ ಕೀಪರ್ ಬಸವರಾಜ ಎರಡು ಪೆನಾಲ್ಟಿ ತಡೆದ. ಎರಡನೆಯದಕ್ಕೆ ಅವನು ಎಡಕ್ಕೆ ಹಾರಿದ್ದು ನನಗೆ ಈಗಲೂ ಕಾಣುತ್ತದೆ. ಇಡೀ ಮೈ ನೆಲಕ್ಕೆ ಸಮನಾಗಿ ಗಾಳಿಯಲ್ಲಿತ್ತು. ಕೆಳಗೆ ಬಿದ್ದವನು ಕೆಸರಿನಲ್ಲಿ ಮುಖ ಹುದುಗಿಸಿ ಹಾಗೇ ಮಲಗಿದ್ದ. ನಮ್ಮವರು ಓಡಿ ಹೋಗಿ ಅವನನ್ನು ಎತ್ತಿಕೊಂಡರು. ಅಣ್ಣ ಮೈಕ್ ಬಿಟ್ಟು ಅಳುತ್ತಿದ್ದ. ಅಪ್ಪ ತೀರಿದಾಗಲೂ ನಾನು ಅಣ್ಣ ಹಾಗೆ ಅತ್ತದ್ದನ್ನು ನೋಡಿರಲಿಲ್ಲ.

ಬಸವರಾಜ ನಮ್ಮ ಊರಿನವನಲ್ಲ. ಬಾದಾಮಿ ಕಡೆಯವನು, ಕಟ್ಟಡದ ಕೆಲಸಕ್ಕೆ ಬಂದವನು. ನಮ್ಮಲ್ಲಿ ಹಾಗೆ ಬಂದವರನ್ನು ಘಟ್ಟದವರು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಒಂದು ಶಾಲೆಯ ಮಾಡಿಗೆ ಹೊಸದಾಗಿ ಹಂಚು ಹಾಕುವಾಗ ಅವನು ಮೇಲೆ ಕೂತು ಕೆಳಗಿನಿಂದ ಎಸೆದ ಹಂಚುಗಳನ್ನು ಒಂದೂ ಬೀಳಿಸದೆ ಹಿಡಿಯುತ್ತಿದ್ದನಂತೆ. ಅಲ್ಲಿ ಕುರ್ಚಿ ಇಳಿಸಲು ಹೋಗಿದ್ದ ಅಣ್ಣ ಅದನ್ನು ನೋಡುತ್ತ ನಿಂತು, ಅದೇ ಸಂಜೆ ಅವನನ್ನು ಮೈದಾನಕ್ಕೆ ಕರೆದುಕೊಂಡು ಬಂದ. ಘಟ್ಟದವರಿಗೆ ರೂಮು ಕೊಡುವುದಿಲ್ಲ ಎನ್ನುತ್ತಿದ್ದವರ ಹತ್ತಿರ ಮಾತಾಡಿ ಹೆದ್ದಾರಿಯ ಪಕ್ಕದಲ್ಲಿ ಅವನಿಗೊಂದು ಬಾಡಿಗೆ ರೂಮು ಮಾಡಿಸಿದ. ಅವನ ಹೆಂಡತಿ ರೇಣುಕಾಳಿಗೆ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಕೆಲಸ ಹುಡುಕಿಕೊಟ್ಟ. ಅದಕ್ಕೇ ಇರಬೇಕು, ಅಣ್ಣನ ಎದುರು ಬಸವರಾಜ ಕುರ್ಚಿಯಲ್ಲಿ ಕೂತದ್ದನ್ನೇ ನಾನು ನೋಡಿಲ್ಲ.

ಗೆದ್ದ ದಿನ ಟೆಂಪೋ ಉದ್ಯಾವರ, ಕಟಪಾಡಿ ದಾಟಿ ಬರುವಷ್ಟರಲ್ಲಿ ಹಿಂದೆ ಬೈಕುಗಳ ಸಾಲೇ ಆಗಿತ್ತು. ಕಾಪು ಪೇಟೆಯಲ್ಲಿ ಮೀನು ಮಾರುವ ಹೆಂಗಸರು ಬುಟ್ಟಿ ಬಿಟ್ಟು ಎದ್ದು ಬಂದು ಬಸವರಾಜನ ಕೆನ್ನೆ ಹಿಡಿದು ನೋಡಿದರು. ಅವನಿಗೆ ತುಳು ಬರುವುದಿಲ್ಲ, ಎಲ್ಲದಕ್ಕೂ ನಗುತ್ತಿದ್ದ. ವಾರದೊಳಗೆ ಅಣ್ಣ ಹೆದ್ದಾರಿಯ ಬಳಿ ಒಂದು ದೊಡ್ಡ ಫ್ಲೆಕ್ಸ್ ನಿಲ್ಲಿಸಿದ. ಅದರಲ್ಲಿ ಎಡಕ್ಕೆ ಹಾರಿದ ಬಸವರಾಜ, ಕೆಳಗೆ 'ಕಾಪುವಿನ ಗೋಡೆ' ಎಂಬ ಬರಹ. ಆ ವರ್ಷ ಇಡೀ ಜನ ಅವನನ್ನು ಗೋಡೆ ಎಂದೇ ಕರೆದರು. ಬಸ್ಸಿನಲ್ಲಿ ಕಂಡಕ್ಟರ್ ಅವನಿಗೆ ಸೀಟು ಮಾಡಿಕೊಡುತ್ತಿದ್ದ. ಯಾರೂ ಅವನನ್ನು ಘಟ್ಟದವ ಎನ್ನಲಿಲ್ಲ.

ಗೆದ್ದದ್ದೇ ತಂಡವನ್ನು ಮುರಿಯಿತು ಎಂದು ಆಮೇಲೆ ನನಗೆ ಅನ್ನಿಸಿದ್ದುಂಟು. ಕಪ್ ಗೆದ್ದ ಹೆಸರಿನಲ್ಲಿ ನಮ್ಮ ಕ್ಯಾಪ್ಟನ್ನನನ್ನು ಮಂಗಳೂರಿನ ತಂಡವೊಂದು ಕರೆದುಕೊಂಡಿತು. ಗೋಲು ಹೊಡೆಯುತ್ತಿದ್ದ ಹುಡುಗನಿಗೆ ಕತಾರಿನ ಕಂಪೆನಿಯೊಂದರಲ್ಲಿ ಕೆಲಸ ಸಿಕ್ಕಿತು. ಅವರನ್ನು ಹಾರ ಹಾಕಿ ಕಳಿಸಿಕೊಟ್ಟದ್ದೂ ಅಣ್ಣನೇ. "ಹೋಗಲಿ ಮಾರಾಯ, ಗೋಡೆ ಉಂಟಲ್ಲ ನಮಗೆ," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಮಳೆಗಾಲ ಹತ್ತಿರವಾದಾಗ ಒಂದು ದಿನ ಬಸವರಾಜ ನಮ್ಮ ಕ್ಲಿನಿಕ್ಕಿಗೆ ಬಂದ. ಚೀಟಿ ಮಾಡಿಸಿ ಸಾಲಿನಲ್ಲಿ ಕೂತಿದ್ದ, ನನ್ನನ್ನು ನೋಡಿ ಎದ್ದು ನಿಂತ. ಮಣಿಪಾಲದ ಒಂದು ತಾರಸಿಗೆ ಬಳಿಯಲು ಸುಣ್ಣ ಕಲಸುವಾಗ ಹಾರಿ ಎಡಗಣ್ಣಿಗೆ ಬಿದ್ದಿತ್ತು. ಆಗ ನೀರು ಹಾಕಿ ತೊಳೆದುಕೊಂಡಿದ್ದಾನೆ. ಮೆಡಿಕಲ್ ಅಂಗಡಿಯಿಂದ ಯಾವುದೋ ಹನಿ ತಂದು ಬಿಟ್ಟುಕೊಂಡಿದ್ದಾನೆ. ಕೆಂಪು ಇಳಿಯಿತು, ಆದರೆ ಮಂಜು ಇಳಿಯಲಿಲ್ಲ.

ನಾನು ಅವನ ಬಲಗಣ್ಣು ಮುಚ್ಚಿಸಿ ಬೋರ್ಡು ತೋರಿಸಿದೆ.

"ಓದು ಬಸವರಾಜ."

"ಎಲ್ಲಿಂದ ಓದ್ಲಿ ಅಕ್ಕಾರ?"

"ಮೇಲಿನಿಂದ."

"ಬೋರ್ಡ್ ಎಲ್ಲೈತ್ರಿ?"

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಕಣ್ಣಿನ ಮೇಲಿನ ಪಾರದರ್ಶಕ ಪದರ ಸುಟ್ಟು ಬಿಳಿ ಕಟ್ಟಿದೆ, ಒಳಗೂ ಸ್ವಲ್ಪ ಪೆಟ್ಟಾಗಿದೆ ಎಂದರು. ಮದ್ದು ಬಿಡುತ್ತ ಕಾಯಬೇಕು, ಮುಂದೆ ಯಾರಾದರೂ ದಾನ ಕೊಟ್ಟ ಕಣ್ಣಿನ ಪದರ ಹಾಕಿ ದೃಷ್ಟಿ ತರಿಸಲು ಸಾಧ್ಯವಾಗಬಹುದು. ಆದರೆ ಅಲ್ಲಿಯವರೆಗೆ ಆ ಕಣ್ಣಿಗೆ ಒಂದು ಸಣ್ಣ ಪೆಟ್ಟೂ ಬೀಳಬಾರದು. "ಫುಟ್ಬಾಲ್ ಬೇಡವೇ ಬೇಡ. ಚೆಂಡು ತಾಗಿದರೆ ಕಣ್ಣೇ ಹೋಗುತ್ತದೆ," ಎಂದು ಅವರು ನೇರವಾಗಿ ಹೇಳಿದರು.

ಹೊರಗೆ ಬಂದ ಮೇಲೆ ಬಸವರಾಜ ಮೆಟ್ಟಿಲಲ್ಲಿ ನಿಂತ. "ಅಕ್ಕಾರ, ಸದಾಣ್ಣಾರಿಗೆ ನೀವ ಹೇಳ್ರಿ. ಅವರ ಮುಂದ ನಿಂತು ಆಡಂಗಿಲ್ಲ ಅನ್ನಾಕ ನನಗ ಬಾಯಿ ಬರಂಗಿಲ್ಲ."

ಆ ಸಂಜೆಯೇ ಬಾವಿಯ ಹತ್ತಿರ ಅಣ್ಣನಿಗೆ ಹೇಳಿದೆ. ಡಾಕ್ಟರಮ್ಮನ ಮಾತನ್ನು ಒಂದೂ ಬಿಡದೆ ಹೇಳಿದೆ. ಅಣ್ಣ ನೀರಿನ ಕೊಡ ಕೆಳಗಿಟ್ಟು ಕಟ್ಟೆಯ ಮೇಲೆ ಕೂತ. ಅವನ ಮುಖ ನೋಡಿ ನನಗೇ ಪಾಪ ಅನ್ನಿಸಿತು. "ಬೇರೆ ಕೀಪರ್ ಯಾರಿದ್ದಾರೆ ಸುಜಿ?" ಎಂದ.

"ಆ ಕಾಲೇಜಿನ ಹುಡುಗ ಇದ್ದಾನಲ್ಲ."

"ಅವನನ್ನು ನಿಲ್ಲಿಸುವುದೂ ಒಂದೇ, ಕಂಬಕ್ಕೆ ಅಂಗಿ ಹಾಕಿ ನಿಲ್ಲಿಸುವುದೂ ಒಂದೇ."

"ಹಾಗಾದರೆ ಸೋಲಲಿ. ಎಂತ ಆಗುತ್ತದೆ ಸೋತರೆ?"

ಅಣ್ಣ ಕೊಡ ಎತ್ತಿಕೊಂಡು ಒಳಗೆ ಹೋದ. ನಾನು ಹೇಳಬೇಕಾದದ್ದನ್ನು ಹೇಳಿಯಾಯಿತು, ಇನ್ನು ಅಣ್ಣ ಅವನನ್ನು ಆಡಿಸಲಾರ ಎಂದುಕೊಂಡೆ.

ಆದರೆ ಹೆಬ್ರಿಯ ಮೊದಲ ಪಂದ್ಯದಲ್ಲಿ ಬಸವರಾಜ ಗೋಲಿನಲ್ಲಿ ನಿಂತಿದ್ದ ಎಂದು ಫೋನಿನಲ್ಲಿ ಬಂದ ಫೋಟೋ ನೋಡಿ ತಿಳಿಯಿತು. ಮೂರು ಗೋಲಿನಿಂದ ಸೋತಿದ್ದೆವು. ಅಣ್ಣನ ಮನೆಗೆ ಹೋಗಿ ಕೇಳಿದೆ. "ನಾನು ಒತ್ತಾಯ ಮಾಡಲಿಲ್ಲ. ಆಗುತ್ತದಾ ಎಂದು ಕೇಳಿದೆ ಅಷ್ಟೆ. ನೀವು ಅಂದರೆ ನಿಲ್ಲುತ್ತೇನೆ ಅಂದ," ಎಂದ. ಅವನು ಬೇರೆ ಎಂತ ಹೇಳಲು ಸಾಧ್ಯ ಅಣ್ಣ, ಎಂದೆ. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ಅಣ್ಣ ಎರಡೇ ಪಂದ್ಯ, ಅಷ್ಟರೊಳಗೆ ಬೇರೆಯವರನ್ನು ಹುಡುಕುತ್ತೇನೆ ಎಂದ. ಹುಡುಕಿದ್ದಾನೆ ಎಂದೂ ನನಗೆ ಗೊತ್ತು. ಮಲ್ಪೆಗೆ, ಬ್ರಹ್ಮಾವರಕ್ಕೆ ಹೋಗಿ ಬಂದ. ಯಾರೂ ಸಿಗಲಿಲ್ಲ. ಎರಡು ಪಂದ್ಯ ಮೂರಾಯಿತು, ನಾಲ್ಕಾಯಿತು.

ಸೋಲುವ ತಂಡದ ಜೊತೆ ಟೆಂಪೋದಲ್ಲಿ ಬರುವುದು ಎಂಥದ್ದೆಂದು ಆ ವರ್ಷ ನನಗೆ ಗೊತ್ತಾಯಿತು. ಮೊದಮೊದಲು ಜನ ರೆಫ್ರಿಯನ್ನು ಬೈದರು, ಕೆಸರನ್ನು ಬೈದರು. ಆಮೇಲೆ ಆಟಗಾರರನ್ನು ಹೆಸರು ಹಿಡಿದು ಬೈಯತೊಡಗಿದರು. ಪ್ರತಿ ವಾರ ಟೆಂಪೋದಲ್ಲಿ ಜಾಗ ಹೆಚ್ಚಾಗುತ್ತ ಹೋಯಿತು. ಹಿಂದಿನ ವರ್ಷ ಕಾಲಿಡಲೂ ಜಾಗ ಇಲ್ಲದ ಕಡೆ ಈಗ ನಾಲ್ಕು ಜನ ಕಾಲು ಚಾಚಿ ಮಲಗಬಹುದಿತ್ತು. ಲೋಕು ಡೋಲನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಗಲ್ಲ ಇಟ್ಟು ಕೂತಿರುತ್ತಿದ್ದ. ಮಳೆ ತಾರ್ಪಾಲಿನ ಮೇಲೆ ಬಡಿಯುತ್ತಿತ್ತು. ಆಟಗಾರರಲ್ಲಿ ಬಸವರಾಜ ಒಬ್ಬನೇ ನಮ್ಮ ಟೆಂಪೋದಲ್ಲಿ ಬರುತ್ತಿದ್ದವನು, ಅವನಿಗೆ ಬೈಕು ಇರಲಿಲ್ಲ. ಅವನು ಹಿಂಬಾಗಿಲ ಹತ್ತಿರ ಕೂತು ಹೊರಗೆ ರಸ್ತೆ ನೋಡುತ್ತಿದ್ದ.

ಚೆಂಡು ಬಲಗಡೆಯಿಂದ ಬಂದರೆ ಅವನು ಮೊದಲಿನ ಹಾಗೆಯೇ ಹಿಡಿಯುತ್ತಿದ್ದ. ಎಡದಿಂದ ಬಂದದ್ದಕ್ಕೆ ತಡವಾಗಿ ತಿರುಗುತ್ತಿದ್ದ, ಇಲ್ಲವೇ ತಿರುಗುತ್ತಲೇ ಇರಲಿಲ್ಲ. ಅದನ್ನು ನೋಡಿದವರಿಗೆ ಬೇಕೆಂದೇ ಬಿಟ್ಟ ಹಾಗೆ ಕಾಣುತ್ತಿತ್ತು. ಸಂತೆಕಟ್ಟೆಯ ಪಂದ್ಯದಲ್ಲಿ ಅಂಥ ಎರಡು ಗೋಲು ಹೋದ ಮೇಲೆ ಲೋಕು ಮೊದಲ ಸಲ ಅವನಿಗೆ ಕೇಳುವ ಹಾಗೆ ಘಟ್ಟದವ ಎಂದ. ಆ ಮಾತು ಒಮ್ಮೆ ಬಾಯಿಗೆ ಬಂದ ಮೇಲೆ ಎಲ್ಲರ ಬಾಯಿಗೂ ಬಂತು. ಮುಂದಿನ ವಾರ ಯಾರೋ ಬಸವರಾಜ ಮಣಿಪಾಲದಲ್ಲಿ ಕಾರ್ಕಳದ ಮನುಷ್ಯನೊಬ್ಬನ ಜೊತೆ ಚಹಾ ಕುಡಿಯುತ್ತಿದ್ದುದನ್ನು ಕಂಡರು. ಆ ಮನುಷ್ಯ ಕಟ್ಟಡದ ಮೇಸ್ತ್ರಿ. ಆದರೆ ಕೊನೆಯ ಪಂದ್ಯ ಕಾರ್ಕಳದ ಜೊತೆಗೇ ಇತ್ತು. ನಮ್ಮ ಫೋನಿನ ಗ್ರೂಪಿನಲ್ಲಿ ಬಸವರಾಜ ಪಂದ್ಯ ಮಾರಿಕೊಂಡಿದ್ದಾನೆ ಎಂದು ಬಂತು. ಒಬ್ಬರು ಬರೆದರೆ ಹತ್ತು ಜನ ಹೌದು ಎಂದರು. ಅಣ್ಣ ಎಲ್ಲವನ್ನೂ ಓದಿದ್ದ. ಗ್ರೂಪು ಮಾಡಿದವನೇ ಅವನು. ಒಂದು ಸಾಲು ಬರೆಯಲಿಲ್ಲ.

ಹೆದ್ದಾರಿಯ ಫ್ಲೆಕ್ಸನ್ನು ಯಾರೋ ಬ್ಲೇಡಿನಿಂದ ಸೀಳಿದರು. ಸರಿಯಾಗಿ ಮುಖದ ಜಾಗದಲ್ಲಿ. ನಾನು ಬಸ್ಸಿಗೆ ನಿಂತಿದ್ದಾಗ ಅಣ್ಣ ಏಣಿ ತಂದು ಅದನ್ನು ಬಿಚ್ಚಿ ಸುತ್ತಿ ಟೆಂಪೋಗೆ ಹಾಕುತ್ತಿದ್ದ.

"ಈಗಲಾದರೂ ಹೇಳು ಅಣ್ಣ. ಅವನಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿದರೆ ಜನ ಸುಮ್ಮನಾಗುತ್ತಾರೆ."

"ಹೇಳಿದರೆ ನಾಳೆ ಅವನನ್ನು ನಿಲ್ಲಿಸಲು ಆಗುವುದಿಲ್ಲ. ಕಾರ್ಕಳದಲ್ಲಿ ಡ್ರಾ ಆದರೂ ಸಾಕು ಸುಜಿ. ಲೀಗಿನ ಮೇಲಿನ ಗುಂಪಿನಲ್ಲೇ ಉಳಿಯುತ್ತೇವೆ. ಅದೊಂದು ಆಗಲಿ. ಮಾರನೇ ದಿನವೇ ನಾನು ಮೈಕಿನಲ್ಲಿ ಹೇಳುತ್ತೇನೆ. ಅವನ ಆಪರೇಷನ್ ನಾನೇ ಮಾಡಿಸುತ್ತೇನೆ."

ಅಣ್ಣ ಹೇಳಿದ್ದು ಸುಳ್ಳಲ್ಲ. ಅವನು ನಿಜವಾಗಿ ಹಾಗೇ ಮಾಡುತ್ತಿದ್ದ. ನನಗೆ ಭಯವಾದದ್ದು ಅದಕ್ಕೇ. ಕೆಟ್ಟವನಾಗಿದ್ದರೆ ಜಗಳ ಮಾಡಿ ದೂರ ಇಡಬಹುದಿತ್ತು. ಆ ದಿನ ಕ್ಲಿನಿಕ್ಕಿನಿಂದ ಬಸವರಾಜನಿಗೆ ಫೋನ್ ಮಾಡಿ ಹೋಗಬೇಡ ಎಂದೆ. "ಇದೊಂದ ಆಟ ಅಕ್ಕಾರ. ಮಾರ‍್ಕೊಂಡಾನ ಅಂತಾರಲ್ರಿ. ಹಂಗ ಬಿಟ್ಟು ಹೋದ್ರ ಖರೇನ ಮಾರ‍್ಕೊಂಡಂಗ ಆಗ್ತೈತಿ," ಎಂದ.

ಕಾರ್ಕಳಕ್ಕೆ ಶಿರ್ವ, ಬೆಳ್ಮಣ್ ದಾರಿಯಾಗಿ ಹೋದೆವು. ಕೊನೆಯ ಪಂದ್ಯ ಎಂದು ಟೆಂಪೋ ಮತ್ತೆ ತುಂಬಿತ್ತು. ರೇಣುಕಾ ಮೊದಲ ಸಲ ಬಂದಿದ್ದಳು, ಮುಂದೆ ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳನ್ನು ಪೇಟೆಯಲ್ಲಿ ನೋಡಿದ್ದೆನೇ ಹೊರತು ಅಷ್ಟು ಹತ್ತಿರ ಕೂತು ಮಾತಾಡಿದ್ದು ಅದೇ ಮೊದಲು. ಗಂಡನ ಆಟ ನೋಡಲು ಹಾಸ್ಟೆಲಿನಲ್ಲಿ ರಜೆ ಕೇಳಿ ಬಂದಿದ್ದಳು. ತಲೆಗೆ ಹೂ ಮುಡಿದಿದ್ದಳು.

ಮೈದಾನದ ಒಂದು ಪಕ್ಕದಲ್ಲಿ ಶಾಲೆಯ ಮೆಟ್ಟಿಲುಗಳಿದ್ದವು, ನಾವಿಬ್ಬರೂ ಅಲ್ಲಿ ಕೊಡೆ ಬಿಡಿಸಿ ಕೂತೆವು. ಅಂಚಿನ ಸುಣ್ಣದ ಗೆರೆಗಳು ಮಳೆಗೆ ಕರಗಿ ಹಾಲಿನ ಹಾಗೆ ಹರಿಯುತ್ತಿದ್ದವು, ಆ ವಾಸನೆ ಎಲ್ಲ ಕಡೆ ತುಂಬಿತ್ತು. ನಮ್ಮವರು ಗೋಲಿನ ಹಿಂದೆಯೇ ಹೋಗಿ ನಿಂತರು, ಕಾರ್ಕಳದವರ ಗೋಲಿನ ಹಿಂದೆ ಅಲ್ಲ, ಬಸವರಾಜನ ಹಿಂದೆ. ಅವನಿಗೆ ಕೇಳಬೇಕೆಂದೇ ಹಾಗೆ ನಿಂತದ್ದು. ಲೋಕು ಡೋಲು ಬಡಿದು ಒಂದು ಮಾತು ಹೇಳುವುದು, ಉಳಿದವರು ಅದನ್ನೇ ಕೂಗುವುದು. ಎಲ್ಲವೂ ತುಳುವಿನಲ್ಲಿ. ಅವನನ್ನು ಕಳ್ಳ ಎಂದರು. ಗಂಟು ಕಟ್ಟಿಕೊಂಡು ಊರಿಗೆ ನಡೆ ಎಂದರು.

"ಏನಂತಾರ‍್ರಿ ಅಕ್ಕಾರ?" ಎಂದು ರೇಣುಕಾ ಕೇಳಿದಳು. ಅವಳ ಮುಖದಲ್ಲಿ ನಗು ಇತ್ತು.

"ಚೆನ್ನಾಗಿ ಆಡು ಎನ್ನುತ್ತಿದ್ದಾರೆ," ಎಂದೆ.

ಬಸವರಾಜ ಆ ದಿನ ಆಡಿದ ಹಾಗೆ ಫೈನಲಿನಲ್ಲೂ ಆಡಿರಲಿಲ್ಲ. ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಲಗಣ್ಣಿನಿಂದಲೇ ಎರಡೂ ಕಡೆ ನೋಡುವುದನ್ನು ರೂಢಿ ಮಾಡಿಕೊಂಡಿದ್ದ. ಕೆಸರಿನಲ್ಲಿ ಬಿದ್ದು ಎದ್ದು, ಬಿದ್ದು ಎದ್ದು ಅವನ ಬಟ್ಟೆಯ ಬಣ್ಣವೇ ತಿಳಿಯುತ್ತಿರಲಿಲ್ಲ. ಹೇಗೋ ನಾವೊಂದು ಗೋಲು ಹೊಡೆದೆವು. ಕಾರ್ಕಳದವರು ಎಡಗಡೆಯ ಮೂಲೆಯಿಂದ ಬಂದ ಚೆಂಡಿಗೆ ತಲೆ ಕೊಟ್ಟು ಒಂದು ಹೊಡೆದರು. ಒಂದಕ್ಕೆ ಒಂದು. ಅಷ್ಟೇ ಉಳಿದರೂ ಸಾಕಿತ್ತು. ಗೋಲಿನ ಹಿಂದಿನ ಕೂಗು ಜೋರಾಯಿತು.

ಆಗ ರೇಣುಕಾ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು. "ಅಕ್ಕಾರ, ಆ ಕಣ್ಣಿನ ಮ್ಯಾಲ ಆಡಬಹುದು ಅಂದಾರಂತಲ್ರಿ ನಿಮ್ಮ ಡಾಕ್ಟ್ರು? ನನಗ ಯಾಕೋ ಹೆದರಿಕಿ ಆಗಾಕತ್ತೈತ್ರಿ."

ಅವನು ಮನೆಯಲ್ಲಿ ಹಾಗೆ ಹೇಳಿದ್ದ. ನನಗೆ ಅದು ಆಗಲೇ ಗೊತ್ತಾದದ್ದು. ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಇಲ್ಲ ರೇಣುಕಾ. ಆಡಲೇಬಾರದು ಅಂದಿದ್ದಾರೆ. ಒಂದು ಪೆಟ್ಟು ಬಿದ್ದರೂ ಕಣ್ಣು ಹೋಗುತ್ತದೆ ಅಂದಿದ್ದಾರೆ."

ಅವಳು ನನ್ನನ್ನೇ ನೋಡಿದಳು. "ಸದಾಣ್ಣಾರಿಗೆ ಗೊತ್ತೈತೇನ್ರಿ?"

"ಗೊತ್ತುಂಟು."

ಕೊಡೆಯಿಂದ ಹೊರಗೆ ಬಂದು ಅವಳು ಮೆಟ್ಟಿಲು ಇಳಿದಳು. ಮೈದಾನದ ಆ ತುದಿಯಲ್ಲಿ ಅಣ್ಣ ಮೈಕಿನ ಪೆಟ್ಟಿಗೆಯ ಹತ್ತಿರ ನಿಂತಿದ್ದ. ಸೀರೆಯ ನೆರಿಗೆ ಎತ್ತಿ ಹಿಡಿದು ಅಂಚಿನ ಗೆರೆಯ ಉದ್ದಕ್ಕೂ ಅವನ ಕಡೆ ಓಡುವ ಹಾಗೆ ನಡೆದಳು. ನಾನೂ ಹಿಂದೆಯೇ ಹೋದೆ. ನಾವು ಅರ್ಧ ದಾರಿಯಲ್ಲಿದ್ದೆವು. ಕಾರ್ಕಳದ ಹುಡುಗನೊಬ್ಬ ನಮ್ಮವರನ್ನೆಲ್ಲ ದಾಟಿ ಒಬ್ಬನೇ ಚೆಂಡಿನ ಜೊತೆ ನುಗ್ಗಿದ. ಬಸವರಾಜ ಮುಂದೆ ಓಡಿ ಬಂದು ಅವನ ಕಾಲ ಬುಡಕ್ಕೆ ಹಾರಿದ. ಚೆಂಡು ಅವನ ಮುಖಕ್ಕೆ ಬಡಿದ ಶಬ್ದ ನನಗೆ ಕೇಳಿಸಿತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ. ಚೆಂಡು ಹಿಂದಕ್ಕೆ ಚಿಮ್ಮಿತು, ಇನ್ನೊಬ್ಬ ಬಂದು ಖಾಲಿ ಗೋಲಿಗೆ ತಳ್ಳಿದ.

ಕಾರ್ಕಳದವರು ಕುಣಿಯುತ್ತಿದ್ದರು. ಬಸವರಾಜ ಎರಡೂ ಕೈಯಲ್ಲಿ ಮುಖ ಹಿಡಿದು ಮಂಡಿಯ ಮೇಲೆ ಕೂತಿದ್ದ. ಹಿಂದೆ ನಿಂತ ನಮ್ಮವರಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

"ನಾಟಕ ಸಾಕು, ಏಳು," ಎಂದು ಲೋಕು ಕೂಗಿದ.

ರೇಣುಕಾ ಗೆರೆ ದಾಟಿ ಒಳಗೆ ಓಡಿದಳು. ಅಣ್ಣನೂ ಆ ಕಡೆಯಿಂದ ಬಂದ. ಬಸವರಾಜನ ಕೈ ಸರಿಸಿ ನೋಡಿದವನು ನಾನು ನೋಡುವ ಮೊದಲೇ ಅವನ ಕೈಯನ್ನು ಮತ್ತೆ ಮುಖದ ಮೇಲಿಟ್ಟ. ಬೆರಳುಗಳ ಸಂದಿಯಿಂದ ಕೆಸರಿನ ಜೊತೆ ರಕ್ತ ಇಳಿಯುತ್ತಿತ್ತು. ಲೋಕು ಇನ್ನೂ ಏನೋ ಹೇಳುತ್ತ ಹತ್ತಿರ ಬಂದಿದ್ದ. ಅಣ್ಣ ಎದ್ದು ಅವನ ಎದುರು ನಿಂತ. ಯಾವಾಗಲೂ ಮೈಕಿನಲ್ಲಿ ಕೇಳುವ ಆ ಸ್ವರ ಅಲ್ಲ, ಮನೆಯೊಳಗೆ ಮಾತಾಡುವ ಸ್ವರದಲ್ಲಿ ಹೇಳಿದ.

"ಅವನಿಗೆ ಆ ಕಣ್ಣು ಕಾಣುವುದಿಲ್ಲ ಲೋಕು. ಈ ವರ್ಷ ಇಡೀ ಕಾಣಲಿಲ್ಲ."

ಲೋಕು ಡೋಲಿನ ಕೋಲು ಹಿಡಿದೇ ನಿಂತಿದ್ದ. "ನಿಮಗೆ ಯಾರು ಹೇಳಿದ್ದು?"

"ನನಗೆ ಮೊದಲೇ ಗೊತ್ತಿತ್ತು. ಸುಜಿ ಹೇಳಿದ್ದಳು. ನಿಲ್ಲಿಸಿದ್ದು ನಾನೇ."

ಲೋಕು ಅಣ್ಣನ ಮುಖ ನೋಡಿದ, ಬಸವರಾಜನನ್ನು ನೋಡಿದ. ರೆಫ್ರಿ ಬಂದು ಕಾರು ಯಾರದ್ದಾದರೂ ಉಂಟಾ ಎಂದು ಕೇಳಿದರು. ಕಾರ್ಕಳದವರೊಬ್ಬರು ತಮ್ಮ ಕಾರು ತಂದರು.

ಹಿರಿಯಡ್ಕದ ದಾರಿಯಲ್ಲಿ ಮಣಿಪಾಲಕ್ಕೆ ಹೋಗುವಾಗ ಹಿಂದಿನ ಸೀಟಿನಲ್ಲಿ ಬಸವರಾಜನ ತಲೆ ರೇಣುಕಾಳ ಮಡಿಲಲ್ಲಿತ್ತು. ಅವನು ನರಳುತ್ತಿರಲಿಲ್ಲ. ಮ್ಯಾಚ್ ಎಷ್ಟಾಯಿತು ಎಂದು ಒಂದು ಸಲ ಕೇಳಿದ. ಮುಂದೆ ಕೂತಿದ್ದ ಅಣ್ಣ ಕಿಟಕಿಯ ಕಡೆ ಮುಖ ಮಾಡಿದ್ದ.

ಕಣ್ಣು ಉಳಿಯಲಿಲ್ಲ. ಆಸ್ಪತ್ರೆಯವರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಕೊನೆಗೆ ಇನ್ನೊಂದು ಕಣ್ಣಿಗೆ ತೊಂದರೆ ಆಗಬಾರದು ಎಂದು ಅದನ್ನು ತೆಗೆದರು. ನಾನು ಡಾಕ್ಟರಮ್ಮನಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, ನಾನು ಸರಿಯಾಗಿ ಹೇಳಲಿಲ್ಲವಾ ಸುಜಾತ, ಎಂದು ಕೇಳಿದರು. ಸರಿಯಾಗಿಯೇ ಹೇಳಿದ್ದೀರಿ ಎಂದೆ.

ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಲೋಕು ರಿಕ್ಷಾದಲ್ಲಿ ಊಟ ತಂದ. ಹೆಂಡತಿಯ ಹತ್ತಿರ ರೊಟ್ಟಿ ಮಾಡಿಸಲು ನೋಡಿದನಂತೆ, ಅವಳಿಗೆ ಬರಲಿಲ್ಲ, ಆಮೇಲೆ ಉಡುಪಿಯ ಯಾವುದೋ ಖಾನಾವಳಿ ಹುಡುಕಿ ಅಲ್ಲಿಂದ ಜೋಳದ ರೊಟ್ಟಿ ತರುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ವಾರ್ಡಿನ ಬಾಗಿಲಲ್ಲಿ ರೇಣುಕಾಳ ಕೈಗೆ ಕೊಟ್ಟು ಹೋಗುತ್ತಿದ್ದ. ಅಣ್ಣನ ಜೊತೆ ಅವನು ಆ ದಿನದಿಂದ ಮಾತು ಬಿಟ್ಟ. "ನಾವು ಬೈದದ್ದು ಗೊತ್ತಿಲ್ಲದೆ. ಸದಾಣ್ಣ ಗೊತ್ತಿದ್ದೂ ನಮ್ಮನ್ನು ಬೈಯಲು ಬಿಟ್ಟರು," ಎಂದು ನನ್ನ ಹತ್ತಿರ ಹೇಳಿದ. ತನ್ನ ಪಾಲಿನದ್ದನ್ನೂ ಅಣ್ಣನ ಮೇಲೆ ಹಾಕಲು ನೋಡುತ್ತಿದ್ದಾನೆ ಎಂದು ನನಗೆ ಅನ್ನಿಸಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ.

ತಂಡ ಕೆಳಗಿನ ಗುಂಪಿಗೆ ಇಳಿಯಿತು. ಮುಂದಿನ ವರ್ಷ ಹೆಸರು ಕೊಡಲು ಹನ್ನೊಂದು ಜನ ಸೇರಲಿಲ್ಲ. ಫೋನಿನ ಗ್ರೂಪಿನಿಂದ ಒಬ್ಬೊಬ್ಬರೇ ಹೊರಗೆ ಹೋದರು. ಅಣ್ಣ ಅಂಗಡಿಗೆ ಹೋಗುತ್ತಾನೆ, ಮದುವೆಗಳಿಗೆ ಶಾಮಿಯಾನ ಹಾಕಿಸುತ್ತಾನೆ, ಮೈಕ್ ಕಟ್ಟಿಸುತ್ತಾನೆ. ಮಾತಾಡಲು ಮಾತ್ರ ಬೇರೆಯವರನ್ನು ಇಟ್ಟುಕೊಂಡಿದ್ದಾನೆ.

ಬಸವರಾಜ ಮತ್ತು ರೇಣುಕಾ ಊರಿಗೆ ಹೊರಟದ್ದು ಮಳೆ ಪೂರ್ತಿ ಬಿಟ್ಟ ಮೇಲೆ. ಅಣ್ಣ ಇಲ್ಲೇ ಇರಿ, ಅಂಗಡಿಯಲ್ಲಿ ಕೆಲಸ ಕೊಡುತ್ತೇನೆ, ಮನೆಯ ಪಕ್ಕದಲ್ಲೇ ಇರಬಹುದು ಎಂದು ರೂಮಿಗೆ ಹೋಗಿ ಕೇಳಿಕೊಂಡಿದ್ದ. ರೇಣುಕಾ ಸಾಮಾನು ಕಟ್ಟುತ್ತಿದ್ದವಳು ಕೈ ನಿಲ್ಲಿಸದೆ, "ನಿಮ್ಮ ಋಣ ಇನ್ನ ಸಾಕ್ರಿ," ಎಂದಳಂತೆ. ಅಷ್ಟೇ ಅವಳು ಅಣ್ಣನಿಗೆ ಹೇಳಿದ್ದು.

ಕಾಪುವಿನ ಬಸ್ ನಿಲ್ದಾಣಕ್ಕೆ ಸಂಜೆ ನಾನೂ ಅಣ್ಣನೂ ಹೋದೆವು. ಅವರ ಕಡೆಗೆ ಹೋಗುವ ಬಸ್ಸು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಸವರಾಜ ಕಪ್ಪು ಕನ್ನಡಕ ಹಾಕಿದ್ದ. ಮೀನಿನ ಹೆಂಗಸರು ನೋಡಿದರು, ಯಾರೂ ಎದ್ದು ಬರಲಿಲ್ಲ. ಲೋಕುವಿನ ರಿಕ್ಷಾ ಎದುರಿನ ಸ್ಟ್ಯಾಂಡಿನಲ್ಲಿತ್ತು, ಅವನು ಇಳಿಯಲಿಲ್ಲ.

ಬಸ್ಸು ಬಂತು. ಬಸವರಾಜ ಗಂಟುಗಳನ್ನು ಒಳಗಿಟ್ಟು ಮತ್ತೆ ಕೆಳಗೆ ಇಳಿದು ಬಂದು ಅಣ್ಣನ ಕಾಲು ಮುಟ್ಟಲು ಬಗ್ಗಿದ. ಅಣ್ಣ ಹಿಂದೆ ಸರಿದ. ಸರಿದದ್ದು ಬಸವರಾಜನ ಎಡಕ್ಕೆ. ಬಸವರಾಜನ ಕೈ ಅಣ್ಣನಿಲ್ಲದ ಜಾಗದಲ್ಲಿ ನೆಲ ಮುಟ್ಟಿತು. ಅವನು ಎದ್ದು, ತಲೆ ತಿರುಗಿಸಿ ಅಣ್ಣ ಎಲ್ಲಿದ್ದಾನೆಂದು ಹುಡುಕಿದ.

"ಸಿಟ್ಟ ಆಗಬ್ಯಾಡ್ರಿ ಸದಾಣ್ಣಾರ," ಎಂದ. "ಆ ಕೊನೀ ಗೋಲ್ ಹಿಡೀಬೇಕಿತ್ರಿ ನಾನು."

ಕಂಡಕ್ಟರ್ ಸೀಟಿ ಊದಿದ. ರೇಣುಕಾ ಬಾಗಿಲಿನಿಂದ ಕೈ ಚಾಚಿ ಅವನನ್ನು ಮೇಲೆ ಎಳೆದುಕೊಂಡಳು. ಬಸ್ಸು ಹೋಯಿತು. ಅಣ್ಣ ಜನ ಓಡಾಡುವ ದಾರಿಯ ಮಧ್ಯದಲ್ಲಿ ನಿಂತಿದ್ದ. ನಾನು ಕೈ ಹಿಡಿದು ಬದಿಗೆ ತಂದೆ.